ಭಾವಗಳ ನಡುವೆ ಒಂದು ಕೋವಿ

ತಾಶ್ಪನಾರಿನಲ್ಲಿ ಕೋವಿ ಇಲ್ಲದ ಮನೆ ಇರಲಿಲ್ಲ. ಕೋವಿ ಮಾಡದ ಮನೆಯೂ ಅಪರೂಪ. ಬೆಯ್‌ಶೆಹಿರ್ ಸರೋವರದ ಮೇಲಿನ ಗುಡ್ಡಕ್ಕೆ ಅಂಟಿಕೊಂಡ ಆ ಊರಿನಲ್ಲಿ ಬೆಳಗಾದರೆ ಕೋಳಿ ಕೂಗುವುದಕ್ಕಿಂತ ಮೊದಲು ಅರ ಉಜ್ಜುವ ಸದ್ದು ಕೇಳಿಸುತ್ತಿತ್ತು. ಒಬ್ಬ ನಳಿಗೆ ಕೊರೆದರೆ ಇನ್ನೊಬ್ಬ ಆಕ್ರೋಟ ಮರದ ಹಿಡಿ ಕೆತ್ತುತ್ತಿದ್ದ. ಇಂಥ ಊರಿನಲ್ಲಿ ಹುಟ್ಟಿ ಬೆಳೆದು, ಜಮೀನು ನೋಂದಣಿ ಕಚೇರಿಯಲ್ಲಿ ಆಯುಷ್ಯವಿಡೀ ಮೊಹರು ಒತ್ತಿ ನಿವೃತ್ತನಾದ ನೆಜಾತಿಗೆ ಮಾತ್ರ ಇದ್ದದ್ದು ಅಪ್ಪನ ಕಾಲದ ಒಂದು ಜೋಡುನಳಿಗೆ ಕೋವಿ.

ಜೋಡುನಳಿಗೆಯಲ್ಲಿ ತುಂಬುವುದು ಎರಡೇ ತೋಟಾ. ಕೌಜುಗಗಳೋ, ಕಾಲಬುಡದಿಂದ ಹತ್ತಾರು ಒಟ್ಟಿಗೆ ಭರ್ರೆಂದು ಏಳುತ್ತವೆ. ನೆಜಾತಿಯ ಮೊದಲ ಈಡು ಗಾಬರಿಯಲ್ಲಿ ಹೋಗುತ್ತಿತ್ತು. ಎರಡನೆಯದು ಆ ಗಾಬರಿಯನ್ನು ಸುಧಾರಿಸಿಕೊಳ್ಳುವುದರಲ್ಲಿ ಹೋಗುತ್ತಿತ್ತು. ಇನ್ನೇನು ಕೈ ಕುದುರಿತು ಅನ್ನುವಷ್ಟರಲ್ಲಿ ಕೋವಿ ಖಾಲಿ, ಗುಡ್ಡವೂ ಖಾಲಿ. “ಮೂರನೇದೊಂದು ಇದ್ದಿದ್ರೆ!” ಎಂಬುದು ಅವನ ಬಾಳಿನ ಮಹಾ ಕೊರಗು. ಈ ಕೊರಗನ್ನು ಅವನು ಬೇಟೆಗಾರರ ಕಾಫಿ ಅಂಗಡಿಯಲ್ಲಿ ತೋಡಿಕೊಂಡಾಗಲೆಲ್ಲ ಜನ ನಕ್ಕು ಇನ್ನೊಂದು ಚಹಾ ತರಿಸುತ್ತಿದ್ದರು. (ಹೆಸರಿಗೆ ಕಾಫಿ ಅಂಗಡಿ, ಅಲ್ಲಿ ಕಾಫಿ ಕುಡಿದವರನ್ನು ಕಂಡವರಿಲ್ಲ. ಚಳಿಗಾಲದಲ್ಲಿ ಅಲ್ಲಿನ ಒಲೆಯ ಸುತ್ತ ಸತ್ತಷ್ಟು ಕೌಜುಗಗಳು ಗುಡ್ಡದಲ್ಲಿ ಯಾವತ್ತೂ ಹುಟ್ಟಿರಲಾರವು.)

ಬೇಟೆಯ ಕಾಲ ಹತ್ತಿರವಾಗುತ್ತಿದ್ದ ಒಂದು ಬೆಳಗ್ಗೆ, ತಿಂಡಿಗೆ ಕೂತಾಗ, ನೆಜಾತಿ ಗಂಟಲು ಸರಿಮಾಡಿಕೊಂಡು ಹೆಂಡತಿ ನಝ್ಮಿಯೆಗೆ ವಿಷಯ ನಿವೇದಿಸಿದ.

“ಕೇಳಿಲ್ಲಿ, ನಾನೊಂದು ಅರೆ ಸ್ವಯಂಚಾಲಿತ ಕೋವಿ ತಗೊಳ್ಳೋಣಾಂತಿದ್ದೀನಿ. ದುಬಾರೀದಲ್ಲ. ನಮ್ಮ ಪಿಂಚಣಿ ಅಳವಿಗೆ ಸಿಗೋವಂಥದ್ದು.”

“ಅರೆ ಅಂದ್ರೆ? ಇನ್ನರ್ಧ ಆಮೇಲೆ ಕೊಡ್ತಾರಾ?”

“ಹಾಗಲ್ಲ ಕಣೇ. ಟ್ರಿಗರ್ ಒತ್ತಿದ್ರೆ ಒಂದು ಈಡು ಹೋಗುತ್ತೆ. ಖಾಲಿ ತೋಟಾನ ಅದೇ ಆಚೆ ಎಸೆದು ಹೊಸದನ್ನ ಅದೇ ಒಳಗೆ ಎಳ್ಕೊಳ್ಳುತ್ತೆ. ಮತ್ತೆ ಒತ್ತಿದ್ರೆ ಮತ್ತೊಂದು. ಅರ್ಧ ಕೆಲಸ ಅದರದು, ಅರ್ಧ ನಮ್ಮದು.”

“ಅಂಥದ್ದೊಂದು ಈ ಮನೇಲಿ ಆಗ್ಲೇ ಇದೆಯಲ್ಲ,” ಎಂದಳು ನಝ್ಮಿಯೆ ಆಲಿವ್ ಬೀಜವನ್ನು ತಟ್ಟೆಯ ಅಂಚಿಗಿಡುತ್ತ. “ಒಂದ್ಸಲ ಹೇಳಿದ್ರೆ ಅರ್ಧ ಕೆಲಸ ಮಾಡಿ ನಿಂತ್ಕೊಳ್ಳುತ್ತೆ. ಉಳಿದರ್ಧಕ್ಕೆ ನಾನು ಮತ್ತೆ ಒತ್ತಬೇಕು.”

“ತಮಾಷೆ ಸಾಕು. ಪರವಾನಗಿಗೆ ಡಾಕ್ಟ್ರ ಹತ್ರಾನೂ ಹೋಗ್ಬಂದೆ. ಬುದ್ಧಿ ನೆಟ್ಟಗಿದೆ ಅಂತ ಬರ್ಕೊಟ್ಟಿದ್ದಾರೆ.”

“ಎಷ್ಟೊತ್ತು ನೋಡಿದ್ರು?”

“ಒಂದೈದು ನಿಮಿಷ.”

“ಅದಕ್ಕೇ ಮತ್ತೆ. ನಾನು ಮದುವೆ ಆದಾಗ್ನಿಂದ ನೋಡ್ತಿದೀನಿ, ಇನ್ನೂ ಬರ್ಕೊಡೋ ಧೈರ್ಯ ಬಂದಿಲ್ಲ.”

ಇಷ್ಟಾದ ಮೇಲೆ ಯುದ್ಧ ಶುರುವಾಗುತ್ತದೆಂದು ನೆಜಾತಿ ಸೊಂಟ ಕಟ್ಟಿಕೊಂಡಿದ್ದ. ಆದರೆ ನಝ್ಮಿಯೆ ಚಹಾಕ್ಕೆ ಸಕ್ಕರೆ ಹಾಕಿ ಕಲಕಿ, “ತಗೊಳ್ಳಿ,” ಅಂದುಬಿಟ್ಟಳು. ಅಷ್ಟು ಸುಲಭದ ಗೆಲುವು ಅವನಿಗೆ ಈ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಹೆದರಿಕೆಯಾಯಿತು.

“ಆದ್ರೆ ನಮ್ಮಣ್ಣನ ಹತ್ರಾನೇ ತಗೋಬೇಕು,” ಎಂದಳು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಆ ಕಡೆ ನೆಜಾತಿಯ ಅಕ್ಕ ಮುನೆವ್ವೆರ್. “ಕೋವಿ ತಗೋತೀಯಂತೆ? ನಿನ್ನ ಹೆಂಡ್ತಿ ಅಣ್ಣನ ಹತ್ರ ಏನಾದ್ರೂ ತಗೊಂಡೆಯೋ, ನನಗೆ ತಮ್ಮ ಅಂತ ಒಬ್ಬ ಇದ್ದ ಅನ್ಕೊಂಡುಬಿಡ್ತೀನಿ. ನಿಮ್ಮ ಭಾವ ಇನ್ನೂ ಬದುಕಿದ್ದಾರೆ ಕಣೋ!”

ಇಲ್ಲೇ ಇದ್ದದ್ದು ತೊಡಕು. ದುರ್ಸುನ್ ಹೆಂಡತಿಯ ಅಣ್ಣ, ಆದ್ದರಿಂದ ಭಾವ. ಲುತ್ಫಿ ಅಕ್ಕನ ಗಂಡ, ಆದ್ದರಿಂದ ಅವನೂ ಭಾವ. ಇಬ್ಬರೂ ಒಂದು ಕಾಲದಲ್ಲಿ ಒಂದೇ ಕಾರ್ಖಾನೆಯ ಪಾಲುದಾರರು, ಒಂದೇ ತಟ್ಟೆಯಲ್ಲಿ ಉಂಡವರು. ಅರೆ ಸ್ವಯಂಚಾಲಿತ ಕೋವಿ ಗ್ಯಾಸಿನಿಂದ ನಡೆಯಬೇಕೋ ಸ್ಪ್ರಿಂಗಿನಿಂದ ನಡೆಯಬೇಕೋ ಎಂಬ ಪ್ರಶ್ನೆಯಲ್ಲಿ ಮಾತಿಗೆ ಮಾತು ಬೆಳೆದು, ಕಾರ್ಖಾನೆಯ ನಡುವೆ ಗೋಡೆ ಎದ್ದಿತ್ತು. ಅಂದಿನಿಂದ ಹಬ್ಬಕ್ಕೂ ಒಬ್ಬರು ಬಂದುಹೋದ ಮೇಲೆಯೇ ಇನ್ನೊಬ್ಬರು ನೆಜಾತಿಯ ಮನೆಗೆ ಕಾಲಿಡುತ್ತಿದ್ದರು. ನಝ್ಮಿಯೆ ಒಂದೇ ಸಿಹಿಯನ್ನು ಎರಡು ಸಲ ಹಂಚುತ್ತಿದ್ದಳು. ಮನುಷ್ಯನಿಗೆ ಒಂದು ಭಾವ ಇದ್ದರೆ ಕವಿತೆ ಬರೆಯಬಹುದು. ಎರಡು ಭಾವ ಇದ್ದರೆ ಮನಸ್ತಾಪವೇ ಗತಿ.

ಆದರೂ ನ್ಯಾಯವಾಗಿ ನಡೆಯೋಣವೆಂದು ನೆಜಾತಿ ಮೊದಲು ದುರ್ಸುನ್ ಭಾವನ ಕಡೆ ಹೋದ. ದುರ್ಸುನ್ ದುಂಡಗಿನ ಮನುಷ್ಯ, ಮಾತು ಬೆಣ್ಣೆ. ಕೋವಿಯನ್ನು ಕೂಸಿನ ಹಾಗೆ ಎತ್ತಿ ಕೊಟ್ಟ.

“ನೋಡು ನೆಜಾತಿ, ಮದ್ದು ಉರಿದಾಗ ಬರೋ ಗ್ಯಾಸನ್ನ ನಳಿಗೇಲಿರೋ ತೂತಿಂದ ಒಂಚೂರು ಕದ್ದು, ಅದರ ಕೈಲೇ ದುಡಿಸೋದು. ಒದೆಯೋ ಶಕ್ತಿ ಎಲ್ಲಾ ದುಡಿಮೆಗೆ ಹೋಗುತ್ತೆ. ಹೆಗಲಿಗೆ ಬರೋದು ಬರೀ ಒಂದು ಮುತ್ತು.”

ನಿಜವೇ. ಹಿತ್ತಲಲ್ಲಿ ನಾಲ್ಕು ಈಡು ಹೊಡೆದರೂ ಹೆಗಲಿಗೆ ಏನೂ ಆಗಲಿಲ್ಲ. ಆದರೆ ಅದನ್ನು ಹೊತ್ತು ನಿಂತಷ್ಟಕ್ಕೇ ತೋಳು ನೋಯತೊಡಗಿತು. ಒಳಭಾಗ ಬಿಚ್ಚಿ ಮಸಿ ಒರೆಸುವುದನ್ನು ಕಲಿಸಿದ ಮೇಲಂತೂ ಅವನು ಇದ್ದಿಲು ಸುಡುವವನಂತೆ ಮನೆಗೆ ಬಂದ. ಅದನ್ನು ಯಾರೋ ಕಂಡು ಹೇಳಿ, ಲುತ್ಫಿ ಭಾವ ಮರುದಿನವೇ ಕರೆಸಿಕೊಂಡ.

ಲುತ್ಫಿ ಕಡ್ಡಿಯಂಥವನು, ಮೈಯ ತೂಕವೆಲ್ಲ ಮೀಸೆ ಮತ್ತು ಗಂಟಲಲ್ಲಿ. “ಗ್ಯಾಸ್ ಬೇಕಿದ್ರೆ ಸಿಲಿಂಡರ್ ತಗೊಳ್ಳೋ! ಕೋವಿ ಯಾಕೆ? ನನ್ನದ್ರಲ್ಲಿ ಇರೋದು ಒಂದೇ ಸ್ಪ್ರಿಂಗು. ಕೋವಿ ಹಿಂದಕ್ಕೆ ಜಗ್ಗೋ ರಭಸಕ್ಕೇ ಕೆಲಸ ಮುಗೀತು. ಮಸಿ ಇಲ್ಲ, ಒರೆಸೋದಿಲ್ಲ. ಹಿಡಿ, ಗರಿ ಇದ್ದಹಾಗಿದೆ. ದುರ್ಸುನ್‌ದನ್ನ ಹೊತ್ಕೊಂಡು ಗುಡ್ಡ ಹತ್ತೋದೂ ಒಂದೇ, ಕರು ಹೊತ್ಕೊಂಡು ಹತ್ತೋದೂ ಒಂದೇ.”

“ಸ್ವಲ್ಪ ಒದೆಯುತ್ತೆ ಅಂತಾರಲ್ಲ, ಭಾವ?”

“ಒದೀದೆ ಇನ್ನೇನು? ಈಡು ಹೊಡೆದದ್ದು ಹೊಡೆದವನಿಗೆ ಗೊತ್ತಾಗ್ಬೇಡ್ವಾ?”

ಗೊತ್ತಾಯಿತು. ಸಂಜೆಯ ಹೊತ್ತಿಗೆ ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಝ್ಮಿಯೆ ಅದಕ್ಕೆ ಆಲಿವ್ ಎಣ್ಣೆ ತಿಕ್ಕುತ್ತ, “ನಿಮ್ಮಕ್ಕನ ಮನೆ ಉಪಚಾರ ಚೆನ್ನಾಗೇ ಆಗಿದೆ,” ಎಂದು ಬೇಕಂತಲೇ ಒಂದು ಸಲ ಗಟ್ಟಿಯಾಗಿ ಒತ್ತಿದಳು. ಅಂದಿನಿಂದ ಮನೆಯ ಹವಾಮಾನ ಅವನು ಯಾವ ಭಾವನ ಬಾಗಿಲಲ್ಲಿ ಕಾಣಿಸಿಕೊಂಡ ಎಂಬುದನ್ನು ಅವಲಂಬಿಸಿತು. ದುರ್ಸುನ್ ಕಡೆ ಹೋದ ದಿನ ಸೂಪಿನಲ್ಲಿ ಬೆಣ್ಣೆ ತೇಲುತ್ತಿತ್ತು. ಲುತ್ಫಿ ಕಡೆ ಹೋದ ದಿನ ಸೂಪೇ ತೇಲಿಹೋಗುವಷ್ಟು ನೀರು. ದುರ್ಸುನ್ ಕಡೆ ಹೋದ ದಿನ ಅಕ್ಕ ಫೋನಿನಲ್ಲಿ ಅತ್ತಳು. ಹೋಗದ ದಿನ, ನಾಳೆ ಹೋಗುತ್ತೀಯ ಎಂದು ಇವತ್ತೇ ಅತ್ತಳು. ಇಬ್ಬರು ಭಾವಂದಿರೂ “ನಿನಗೆ ಮನೆಯವರ ದರ” ಎಂದಿದ್ದರು. ಇಬ್ಬರ ದರವೂ ಒಂದೇ ಆಗಿತ್ತು, ಅದೇ ಅವನ ದುರದೃಷ್ಟ. ವ್ಯತ್ಯಾಸವಿದ್ದಿದ್ದರೆ ಬಡತನದ ನೆಪವಾದರೂ ಸಿಗುತ್ತಿತ್ತು.

ಕೊನೆಗೆ ಕೂದಲು ಕತ್ತರಿಸಿಕೊಳ್ಳುತ್ತಿದ್ದಾಗ ಅವನ ತಲೆಯಲ್ಲಿ ಮಿಂಚು ಹೊಳೆಯಿತು. ಮೂರನೆಯವನ ಹತ್ತಿರ ಕೊಂಡರೆ? ಈ ಊರಿನದೇ ಅಲ್ಲದ, ನೆಂಟಸ್ತನದ ವಾಸನೆಯೇ ಇಲ್ಲದ, ಪರಿಶುದ್ಧ ಪರದೇಶಿ ಕೋವಿ! ಯಾರಿಗೂ ಗೆಲುವಿಲ್ಲ, ಯಾರಿಗೂ ಸೋಲಿಲ್ಲ. ದೊಡ್ಡ ದೊಡ್ಡ ದೇಶಗಳು ತಟಸ್ಥವಾಗಿರುವುದು ಹೀಗೆಯೇ ಅಲ್ಲವೆ?

“ಪಿಂಚಣಿ ವಿಷಯಕ್ಕೆ ಕೊನ್ಯಾಕ್ಕೆ ಹೋಗ್ಬರ್ತೀನಿ,” ಎಂದ ಮನೆಯಲ್ಲಿ.

“ಹೇಗೂ ಹೋಗ್ತೀರಲ್ಲ, ಹಜಾರಕ್ಕೆ ಒಂದು ಪರದೆ ಕಂಬಿ ತನ್ನಿ. ಹೋದ ವರ್ಷದಿಂದ ಹೇಳ್ತಿದೀನಿ.”

ಕೊನ್ಯಾ ನಗರದ ಕೋವಿ ಅಂಗಡಿಯವನು ಬಹಳ ಕಲಿತವನಂತೆ ಮಾತಾಡಿದ. ಇಟಲಿಯ ನಿಜವಾದ ಕೋವಿಗಳನ್ನು ಗಾಜಿನ ಆಚೆಯಿಂದ ತೋರಿಸಿದ. ಅವುಗಳ ಬೆಲೆಗೆ ಒಂದು ಪುಟ್ಟ ಟ್ರ್ಯಾಕ್ಟರ್ ಬರುತ್ತಿತ್ತು. ಆಮೇಲೆ ಕೆಳಗಿನ ಸಾಲಿನಿಂದ ಒಂದನ್ನು ತೆಗೆದು ನೆಜಾತಿಯ ಕೈಗಿಟ್ಟ. ಹಿಡಿಯಲು ಹದವಾಗಿತ್ತು, ಕರುವೂ ಅಲ್ಲ, ಗರಿಯೂ ಅಲ್ಲ. ಪಕ್ಕೆಯ ಮೇಲೆ ‘ಇನಿ’ ಎಂದು ಮುಗಿಯುವ ಯಾವುದೋ ಇಟಲಿಯ ಹೆಸರು ಬಂಗಾರದ ಅಕ್ಷರದಲ್ಲಿ ಹೊಳೆಯುತ್ತಿತ್ತು.

“ಇದು ಎಲ್ಲಿಯದು?”

“ಹೆಸರು ನೋಡಿ ಸಾರ್,” ಎಂದ ಅಂಗಡಿಯವನು. ಸುಳ್ಳು ಹೇಳಲಿಲ್ಲ, ಹೆಸರು ನೋಡಿ ಎಂದಷ್ಟೇ ಹೇಳಿದ. “ಇದೇ ಕೆಲಸ, ಕಾಲು ಭಾಗ ಬೆಲೆ. ಗ್ಯಾಸಿನದು, ಆದ್ರೆ ಹಗುರ. ನಿಮ್ಮಂಥ ತಿಳಿದವರು ಕೊನೇಗೆ ಇದಕ್ಕೇ ಬರ್ತಾರೆ.”

ಭಾವಂದಿರು ಹೇಳಿದ್ದಕ್ಕಿಂತ ಬೆಲೆ ಹೆಚ್ಚೇ ಇತ್ತು. ಆ ಹೆಚ್ಚುವರಿಯನ್ನು ನೆಜಾತಿ ಗೃಹಶಾಂತಿ ತೆರಿಗೆಯೆಂದು ಭಾವಿಸಿ ಕೊಟ್ಟ. ಬರುವ ಬೇಟೆಯ ಕಾಲಕ್ಕೆಲ್ಲ ಸಾಲುವಷ್ಟು ತೋಟಾ ಕೊಂಡು ಚೀಲಕ್ಕೆ ತುಂಬಿದ. ಬಿಚ್ಚಿಟ್ಟ ಕೋವಿ ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತು. ವ್ಯಾನಿನಲ್ಲಿ ಊರಿಗೆ ಮರಳುವಾಗ ಇಡೀ ದಾರಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದ. ಪರದೆ ಕಂಬಿ ನೆನಪಾದದ್ದು ಮನೆಯ ಬಾಗಿಲಲ್ಲಿ, ನಝ್ಮಿಯೆಯ ಮುಖ ಅರಳಿದಾಗ.

“ಅಯ್ಯೋ! ಮರೀದೆ ತಂದ್ರಾ ಕಂಬೀನ!”

ಆ ಮುಖ ಅಷ್ಟು ಅರಳಿದ್ದನ್ನು ಅವನು ಬಹಳ ದಿನದಿಂದ ನೋಡಿರಲಿಲ್ಲ. ಬಾಯಿಗೆ ಬಂದ ನಿಜ ಅಲ್ಲೇ ಸ್ವಯಂಚಾಲಿತವಾಗಿ ಒಳಗೆ ಹೋಯಿತು. “ಹೂಂ,” ಅಂದ.

“ಗಿಡ್ಡ ಆಯ್ತಲ್ರೀ?”

“ಎರಡು ತುಂಡು. ಜೋಡಿಸ್ಬೇಕು. ಈಗ ಬಿಚ್ಚಬೇಡ, ನಾಳೆ ನೋಡೋಣ.” ರಾತ್ರಿಯೊಳಗೆ ಏನಾದರೂ ಉಪಾಯ ಹೊಳೆಯದೇ ಇರದು ಎಂಬುದು ಅವನ ಎಣಿಕೆ.

“ನಾಳೆ ಯಾಕೆ? ನಿಮ್ಮ ಕೈಗೆ ಡ್ರಿಲ್ಲು ಕೊಟ್ರೆ ಗೋಡೆ ಹೋಗುತ್ತೆ. ಅಣ್ಣನ್ನೇ ಕರೀತೀನಿ.” ಅವಳು ಆಗಲೇ ಫೋನು ಹಿಡಿದಾಗಿತ್ತು.

ದುರ್ಸುನ್ ಡ್ರಿಲ್ಲು, ಏಣಿ, ಮೊಳೆಗಳ ಡಬ್ಬಿ ಸಮೇತ ಬಂದ. ಅವನು ಏಣಿ ಹತ್ತಿ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿರುವಾಗ ಬಾಗಿಲು ದಡದಡ ಬಡಿಯಿತು. ಮುನೆವ್ವೆರ್ ಮತ್ತು ಲುತ್ಫಿ! ನೆಜಾತಿ ಉದ್ದನೆ ಪೆಟ್ಟಿಗೆಯೊಂದನ್ನು ಮಗುವಿನಂತೆ ತಬ್ಬಿಕೊಂಡು ಬಂದನೆಂದು ವ್ಯಾನಿನ ಡ್ರೈವರು ಹೇಳಿದ್ದೇ ತಡ, ಹೊರಟುಬಂದಿದ್ದರು.

“ಕೊನೆಗೂ ಅವನದೇ ತಗೊಂಡ್ಯಾ?” ಎನ್ನುತ್ತ ಒಳನುಗ್ಗಿದ ಲುತ್ಫಿ, ಏಣಿಯ ಮೇಲೆ ದುರ್ಸುನ್‌ನನ್ನು ಕಂಡು, “ಓಹೋ! ಗೋಡೆಗೆ ನೇತುಹಾಕೋಕೂ ಅವನೇ ಬಂದಿದ್ದಾನೆ!” ಎಂದ.

“ಪರದೆ ಕಂಬಿಗೆ ಯಾಕಪ್ಪಾ ಈ ಪಾಟಿ ಕೂಗಾಟ?” ಎಂದ ದುರ್ಸುನ್ ಮೇಲಿನಿಂದ.

“ಕಂಬಿ!” ಎಂದಳು ಮುನೆವ್ವೆರ್. “ನಝ್ಮಿಯೆ, ನಿನ್ನ ಗಂಡ ಕಂಬಿಗೆ ಮುತ್ತು ಕೊಟ್ಕೊಂಡು ಬಂದ್ನಂತೆ ವ್ಯಾನಲ್ಲಿ!”

ನಝ್ಮಿಯೆ ಗಂಡನ ಮುಖ ನೋಡಿದಳು. ಆಮೇಲೆ ಪೆಟ್ಟಿಗೆಯ ದಾರ ಬಿಚ್ಚಿದಳು. ಬಂಗಾರದ ಅಕ್ಷರಗಳು ಫಳಫಳ ಹೊಳೆದವು.

“ಇದ್ಯಾವ ಜಾತಿ ಕಂಬಿ ರೀ?” ಎಂದಳು, ತಣ್ಣಗೆ.

ನೆಜಾತಿ ಒಂದು ಕಿರು ಭಾಷಣ ಮಾಡಿದ. ತಾನು ಯಾರ ಪಕ್ಷವೂ ಅಲ್ಲವೆಂದೂ, ಎರಡು ಮನೆಗಳ ಗೌರವ ತನಗೆ ಎರಡು ಕಣ್ಣುಗಳಿದ್ದಂತೆಂದೂ, ಅದಕ್ಕಾಗಿಯೇ ಈ ವಿದೇಶಿ ಆಯುಧವನ್ನು ಬರಮಾಡಿಕೊಂಡೆನೆಂದೂ ಅರುಹಿದ. ಭಾಷಣ ಯಾರಿಗೂ ಕೇಳಲಿಲ್ಲ. ದುರ್ಸುನ್ ಏಣಿ ಇಳಿದು ಬಂದಿದ್ದ. ಲುತ್ಫಿ ಆಗಲೇ ಚಕ್ಕಳ ಮಕ್ಕಳ ಹಾಕಿ ಕೂತಿದ್ದ. ಪರಕೀಯ ಕೋವಿಯನ್ನು ಹಳಿಯುವುದರಲ್ಲಿ ಇಬ್ಬರಿಗೂ ಒಂದೇ ಉತ್ಸಾಹ. ಒಬ್ಬರಿಗೊಬ್ಬರು ನೇರವಾಗಿ ಮಾತಾಡದೆ, ಇಬ್ಬರೂ ನೆಜಾತಿಯನ್ನು ಉದ್ದೇಶಿಸಿ ಕೋವಿಯನ್ನು ಬಿಚ್ಚತೊಡಗಿದರು, ಊಟಕ್ಕೆ ಹಾಸುವ ಬಟ್ಟೆಯ ಮೇಲೆ.

“ತಗಡು, ನೆಜಾತಿ, ಬರೀ ತಗಡು,” ಎಂದ ಲುತ್ಫಿ ನಳಿಗೆಯನ್ನು ಕಳಚುತ್ತ.

“ಒಳಗೆ ಇನ್ನೇನು ದರಿದ್ರ ತುಂಬಿದ್ದಾರೋ,” ಎಂದ ದುರ್ಸುನ್, ಗ್ಯಾಸು ತಳ್ಳುವ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಹೊರಗೆಳೆದು ಬೆಳಕಿಗೆ ಹಿಡಿದ. ಹಿಡಿದವನು ಹಾಗೇ ನಿಂತ. ಕನ್ನಡಕ ಹಾಕಿಕೊಂಡ. ತಿರುಗಿಸಿ ನೋಡಿದ. ಅವನ ದುಂಡು ಮುಖ ನಿಧಾನವಾಗಿ ಕೆಂಪೇರಿತು.

“ಏನಣ್ಣಾ?” ಎಂದಳು ನಝ್ಮಿಯೆ.

“ಇದು… ಇದು ಕೆಟ್ಟ ಕೆಲಸವೇನಲ್ಲ.”

“ಅಂದ್ರೆ?”

“ನಮ್ಮ ಕಾರ್ಖಾನೇದು. ನಗರದ ಕಂಪನಿಯೊಂದಕ್ಕೆ ಕೊಂತ, ಬೋಲ್ಟು ಮಾಡಿ ಕಳಿಸ್ತೀವಿ. ಹೊಟ್ಟೆಪಾಡು.”

ಲುತ್ಫಿ ಗಹಗಹಿಸಿ ನಗಬೇಕಾಗಿತ್ತು. ಎಲ್ಲರೂ ಅದಕ್ಕೇ ಕಾದರು. ಅವನು ನಗಲಿಲ್ಲ. ನಳಿಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಿದ್ದ. ದುರ್ಸುನ್ ಕೈ ಚಾಚಿ ಅದನ್ನು ಎಳೆದುಕೊಂಡು, ಅಡಿಭಾಗದಲ್ಲಿ ಕೊರೆದಿದ್ದ ಪುಟ್ಟ ಗುರುತನ್ನು ಓದಿದ. ಅದರ ಪಕ್ಕದಲ್ಲೇ ಗ್ಯಾಸ್ ನುಗ್ಗುವ ಎರಡು ತೂತುಗಳಿದ್ದವು.

“ಲುತ್ಫಿ,” ಎಂದ ದುರ್ಸುನ್. ಎಷ್ಟೋ ವರ್ಷಗಳ ನಂತರ ಆ ಹೆಸರು ಆ ಬಾಯಲ್ಲಿ ಬಂದಿತ್ತು. “ಈ ತೂತು ನೀನು ಕೊರೆದದ್ದಾ?”

“ಕಂಪನಿಯವರು ಕೇಳಿದ್ರು,” ಎಂದ ಲುತ್ಫಿ, ಮೀಸೆಯೊಳಗೇ.

“ಗ್ಯಾಸಿಗೆ ತೂತು! ನೀನು!”

“ಬೈಬೇಕಾದ್ರೆ ಬೈ. ತೂತು ಮಾತ್ರ ಅಚ್ಚುಕಟ್ಟಾಗಿದೆಯೋ ಇಲ್ವೋ, ಅದು ಹೇಳು.”

ದುರ್ಸುನ್ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಬಹಳ ಹೊತ್ತು ನೋಡಿದ. “ಕೈ ಇನ್ನೂ ಹಾಗೇ ಇದೆ ಕಣಯ್ಯಾ,” ಎಂದ. “ಈ ನಳಿಗೆ ಯಾರು ಮಾಡ್ತಾರೆ ಅಂತ ನಾನೇ ಒಂದ್ಸಲ ಕಂಪನಿಯವರನ್ನ ಕೇಳಿದ್ದೆ. ಹೇಳ್ಲಿಲ್ಲ ಪಾಪಿಗಳು.”

“ಕೊಂತ ನಯವಾಗಿ ಕೂರೋದು ನೋಡಿ ನಾನೂ ಕೇಳಿದ್ದೆ,” ಎಂದ ಲುತ್ಫಿ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಇಬ್ಬರೂ ತಬ್ಬಿಕೊಂಡರು. ಮುನೆವ್ವೆರ್ ಅತ್ತಳು, ನಝ್ಮಿಯೆ ಅವಳನ್ನು ಸಮಾಧಾನ ಮಾಡುತ್ತ ಅತ್ತಳು, ಆಮೇಲೆ ಇಬ್ಬರೂ ಸೇರಿ ಅಡುಗೆಮನೆಗೆ ಹೋಗಿ ಅಳುತ್ತಲೇ ಈರುಳ್ಳಿ ಹೆಚ್ಚಿದರು. ತಾನೇ ಈ ಮಿಲನದ ಶಿಲ್ಪಿ ಎಂದು ಯಾರಾದರೂ ಒಂದು ಮಾತು ಹೇಳಬಹುದೆಂದು ನೆಜಾತಿ ಅಲ್ಲೇ ನಿಂತಿದ್ದ.

“ಅಂದಹಾಗೆ, ಇದಕ್ಕೆ ಎಷ್ಟು ಕೊಟ್ಟೆ?” ಎಂದ ಲುತ್ಫಿ.

ನೆಜಾತಿ ಹೇಳಿದ. ಭಾವಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ಯಾಸೋ ಸ್ಪ್ರಿಂಗೋ ಎಂಬುದರಲ್ಲಿ ಎಂದೂ ಒಂದಾಗದವರು, ನೆಜಾತಿಯಂಥ ದಡ್ಡ ಈ ಜಿಲ್ಲೆಯಲ್ಲೇ ಇಲ್ಲ ಎಂಬುದರಲ್ಲಿ ಕ್ಷಣಮಾತ್ರದಲ್ಲಿ ಒಮ್ಮತಕ್ಕೆ ಬಂದರು. ಒಳಗಿನಿಂದ ಹೆಂಗಸರೂ ಅದನ್ನು ಅನುಮೋದಿಸಿದರು.

ಮರುದಿನ ಬೆಳಗ್ಗೆ ಇಬ್ಬರೂ ಒಟ್ಟಿಗೇ ಬಂದರು. “ಹೊಸ ಗ್ಯಾಸಿನ ಕೋವಿ ಮೊದಮೊದಲು ಬಿಗಿ ಇರುತ್ತೆ,” ಎಂದ ದುರ್ಸುನ್. “ಒಂದಷ್ಟು ಭಾರೀ ತೋಟಾ ಹೊಡೆದು ಪಳಗಿಸ್ಬೇಕು. ನಿನಗ್ಯಾಕೆ ತೊಂದರೆ? ತೋಟಾ ಎಲ್ಲಿಟ್ಟಿದ್ದೀಯ?” ಊರಾಚೆಯ ಕಲ್ಲುಕ್ವಾರಿಯಲ್ಲಿ ಆ ವಾರವೆಲ್ಲ ಪಳಗಿಸುವಿಕೆ ನಡೆಯಿತು. ಒಬ್ಬ ಹೊಡೆದರೆ ಇನ್ನೊಬ್ಬ ‘ಭೇಷ್’ ಎನ್ನುತ್ತಿದ್ದ. ನೆಜಾತಿ ಚಹಾದ ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದ. “ನನಗೊಂದು ಸರದಿ,” ಎಂದಾಗಲೆಲ್ಲ, “ತಾಳು, ಇನ್ನೂ ಒಂಚೂರು ಬಿಗಿ ಇದೆ,” ಎನ್ನುತ್ತಿದ್ದರು. ತೋಟಾದ ಚೀಲ ತೆಳ್ಳಗಾಯಿತು. ನಡುವೆ ಕಾರ್ಖಾನೆಯ ಗೋಡೆಯೂ ಬಿತ್ತು.

ಬೇಟೆಯ ಮೊದಲ ಭಾನುವಾರ ಮೂವರೂ ಗುಡ್ಡ ಹತ್ತಿದರು. ಭಾವಂದಿರು ತಮ್ಮ ತಮ್ಮ ಕೋವಿಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. “ನಮ್ಮ ಕೋವಿ ಇರುವಾಗ ಅವ್ಯಾಕೆ?” ಎಂದರು. ‘ನಮ್ಮ’ ಎಂಬುದರಲ್ಲಿ ತಾನೂ ಇದ್ದೇನೆಯೇ ಎಂದು ನೆಜಾತಿ ಸ್ವಲ್ಪ ದೂರ ಯೋಚಿಸಿದ.

“ನೀನು ಆ ಪೊದೆ ಕಡೆಯಿಂದ ಚಪ್ಪಾಳೆ ತಟ್ಕೊಂಡು ಬಾ, ನೆಜಾತಿ,” ಎಂದ ಲುತ್ಫಿ. “ಹಕ್ಕಿ ನಮ್ಮ ಕಡೆಗೆ ಏಳಲಿ. ಆಮೇಲೆ ನಿನ್ನದೇ ಸರದಿ.”

ನೆಜಾತಿ ಮುಳ್ಳಿನ ಪೊದೆಯೊಳಗೆ ತೂರಿಕೊಂಡು ಚಪ್ಪಾಳೆ ತಟ್ಟಿದ, ಕೂಗಿದ. ಕೌಜುಗಗಳು ಭರ್ರೆಂದು ಎದ್ದವು. ಆಚೆ ಕಡೆ ಒಂದು, ಎರಡು, ಮೂರು ಈಡು ಕೇಳಿಸಿತು. ಆಮೇಲೆ ನಗು. ಪೊದೆಯಿಂದ ತಲೆ ಹೊರಹಾಕಿ ನೋಡಿದರೆ, ದುಂಡಗಿನವನೂ ಕಡ್ಡಿಯಂಥವನೂ ಒಬ್ಬರ ಬೆನ್ನು ಒಬ್ಬರು ತಟ್ಟುತ್ತ, ಶಾಲೆ ತಪ್ಪಿಸಿಕೊಂಡ ಹುಡುಗರ ಹಾಗೆ ಕುಣಿಯುತ್ತಿದ್ದರು. ‘ಕೊಡಿ ಇಲ್ಲಿ ನನ್ನ ಕೋವಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವರನ್ನು ಇನ್ನೊಂದು ಗಳಿಗೆ ನೋಡಿ, ಮಾತನ್ನು ನುಂಗಿ, ಮುಂದಿನ ಪೊದೆಗೆ ನುಗ್ಗಿದ.

ಸಂಜೆ ಅವನು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅಕ್ಕನೂ ಹೆಂಡತಿಯೂ ಒಂದೇ ಒಲೆಯ ಮುಂದೆ ಜಗಳವಾಡುತ್ತ ಅನ್ನಕ್ಕೆ ಎಸರಿಟ್ಟಿದ್ದರು. ಎರಡು ಮನೆಗೂ ಒಂದೇ ಪಾತ್ರೆ. ನೆಜಾತಿ ಹಕ್ಕಿಗಳನ್ನು ಕಟ್ಟೆಯ ಮೇಲಿಟ್ಟು, ಮೆಟ್ಟಿಲ ಮೇಲೆ ಕೂತು, ಮೊಣಕಾಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದ. ನಝ್ಮಿಯೆ ಎಣ್ಣೆಯ ಬಟ್ಟಲು ಹಿಡಿದು ಹೊರಬಂದಳು.

“ಎಲ್ಲಿ, ಹೆಗಲು ತೋರ್ಸಿ. ಅಂತೂ ಇಷ್ಟೊಂದು ಹಕ್ಕಿ! ಹೇಗಿದೆ ನಿಮ್ಮ ಕೋವಿ? ತುಂಬಾ ಒದೀತಾ?”

“ಒಂಚೂರೂ ಇಲ್ಲ ಕಣೇ,” ಎಂದ ನೆಜಾತಿ. “ಹೊಡೆದದ್ದೇ ಗೊತ್ತಾಗ್ಲಿಲ್ಲ.”